ಹತ್ತಡಿ ಎತ್ತರದ ರಿಂಗು, ನೂರು ಕಿಲೋಮೀಟರ್ ದೂರದ ಬೆಂಗಳೂರು

ಬೆಂಗಳೂರಿನಲ್ಲಿ ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರು ಬರುತ್ತೆ. ಎಲ್ಲಿಂದ ಬಂತು ಅಂತ ಕೇಳಿ ನೋಡಿ. ಕಾವೇರಿಯಿಂದ ಅಂತಾರೆ. ಕಾವೇರಿ ಸರಿ ಸ್ವಾಮಿ, ಕಾವೇರಿಯಲ್ಲಿ ಯಾವ ಊರಿಂದ? ಅಲ್ಲಿಗೆ ಬಹಳ ಜನ ತಲೆ ಕೆರೆದುಕೊಳ್ತಾರೆ.

ಉತ್ತರ ಇರೋದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನಲ್ಲಿ. ಊರಿನ ಹೆಸರು ತೊರೆಕಾಡನಹಳ್ಳಿ. ಎಲ್ಲರ ಬಾಯಲ್ಲಿ ಟಿ.ಕೆ. ಹಳ್ಳಿ. ಕಾವೇರಿ ಯೋಜನೆಯ ಮೊದಲ ಹಂತ ಶುರುವಾಗಿದ್ದು 1974ರಲ್ಲಿ. ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ, ಅದೇ ಟಿ.ಕೆ. ಹಳ್ಳಿಯಲ್ಲಿ. ಅರ್ಧ ಶತಮಾನದಿಂದ ಈ ತಾಲ್ಲೂಕಿನ ನೀರು ಸುಮಾರು ನೂರು ಕಿಲೋಮೀಟರ್ ದೂರದ ರಾಜಧಾನಿಗೆ ಹತ್ತಿ ಹೋಗ್ತಾ ಇದೆ.

ನೀರಿಗಿಂತ ಮೊದಲು ಹೋಗಿದ್ದು ಬೆಳಕು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾಯಿತು. ಅದೂ ಮಳವಳ್ಳಿ ತಾಲ್ಲೂಕೇ. ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೆ ಬಂತು.

ಬೆಳಕು ಕೊಟ್ಟಾಯ್ತು. ನೀರು ಕೊಟ್ಟಾಯ್ತು. ಮೂರನೆಯದು ಮಕ್ಕಳು. ಮಳವಳ್ಳಿಗೆ ರೈಲಿಲ್ಲ, ಆದರೆ ಕನಕಪುರದ ಮೇಲೆ ಹೋಗುವ ಬಸ್ಸಿದೆ. ಆ ಬಸ್ಸಿನಲ್ಲಿ ಕೂತು ಹೋದ ಹುಡುಗರು ಇವತ್ತು ಪೀಣ್ಯದಲ್ಲಿದ್ದಾರೆ, ಕಾಮಾಕ್ಷಿಪಾಳ್ಯದಲ್ಲಿದ್ದಾರೆ, ಕೆಂಗೇರಿಯಲ್ಲಿದ್ದಾರೆ. ಕ್ಯಾಬ್ ಓಡಿಸ್ತಾರೆ, ಗಾರ್ಮೆಂಟ್ಸ್‌ನಲ್ಲಿ ದುಡಿತಾರೆ, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿ ಡ್ರೆಸ್ ಹಾಕಿಕೊಂಡು ನಿಲ್ತಾರೆ. ಪಟ್ಟಲದಮ್ಮನ ಸಿಡಿ ಹಬ್ಬ ಬಂತು ಅಂದ್ರೆ ಊರಿಗೆ ಓಡಿ ಬರ್ತಾರೆ, ಹಬ್ಬ ಮುಗಿದ ಮಾರನೇ ದಿನ ಅದೇ ಬಸ್ಸು.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಈ ಹುಡುಗರ ಕನಸಿನ ಬಗ್ಗೆ. ಅದರಲ್ಲೂ ಆಟದ ಕನಸು. ರಾಜಕೀಯ ನಾಳೆ ಮಾತಾಡೋಣ, ಅದು ಎಲ್ಲಿಗೂ ಓಡಿಹೋಗಲ್ಲ.

ಯಾವ ಊರಿನ ಸಂತೆಗೆ ಬೇಕಾದರೂ ಹೋಗಿ. ಬಟ್ಟೆ ಅಂಗಡಿಯಲ್ಲಿ ಕೆಂಪು ಬಣ್ಣದ, ತೋಳಿಲ್ಲದ, 23ನೇ ನಂಬರಿನ ಬನಿಯನ್ನು ನೇತು ಹಾಕಿರ್ತಾರೆ. ಮೇಲೆ ಗೂಳಿಯ ಮುಖ. ಅದು ಮೈಕೆಲ್ ಜೋರ್ಡನ್ ಹಾಕುತ್ತಿದ್ದ ಷಿಕಾಗೋ ಬುಲ್ಸ್ ಬನಿಯನ್ನು. ಅದನ್ನು ಹಾಕಿಕೊಂಡು ಗದ್ದೆಗೆ ನೀರು ಕಟ್ಟೋಕೆ ಹೋಗುವ ಹುಡುಗನನ್ನು ನಾವೆಲ್ಲ ನೋಡಿದ್ದೀವಿ. ಬನಿಯನ್ನು ಊರಿಗೆ ಬಂದಿದೆ. ರಿಂಗು ಬಂದಿದೆಯಾ? ಚೆಂಡು ಬಂದಿದೆಯಾ? ಕಲಿಸುವ ಮೇಷ್ಟ್ರು ಬಂದಿದ್ದಾರಾ? ಪ್ರಶ್ನೆ ಅದು.

ಈ ಬಾಸ್ಕೆಟ್‌ಬಾಲ್ ಅನ್ನೋದು ಪಟ್ಟಣದ ಆಟ, ಕಾನ್ವೆಂಟ್ ಆಟ, ಇಂಗ್ಲಿಷ್ ಮಾತಾಡೋ ಹುಡುಗರ ಆಟ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದು ಹುಟ್ಟಿದ ಕಥೆ ಕೇಳಿದರೆ ಆ ನಂಬಿಕೆ ಬಿದ್ದು ಹೋಗುತ್ತೆ.

ಕೆನಡಾದ ಆಲ್ಮಾಂಟ್ ಅನ್ನುವ ಊರಿನ ಕಡೆ ಒಬ್ಬ ಹುಡುಗ ಇದ್ದ. ಜೇಮ್ಸ್ ನೈಸ್ಮಿತ್. ಒಂಬತ್ತನೇ ವಯಸ್ಸಿಗೆ ಅಪ್ಪ ಅಮ್ಮ ಇಬ್ಬರೂ ಟೈಫಾಯಿಡ್ ಬಂದು ಹೋಗಿಬಿಟ್ಟರು. ಸೋದರಮಾವನ ಆಶ್ರಯದಲ್ಲಿ ಬೆಳೆದ. ಹೊಲದ ಕೆಲಸ, ಕಾಡಿನ ಕೆಲಸ. ಸಂಜೆಯಾದರೆ ಊರಿನ ಹುಡುಗರ ಜೊತೆ ಒಂದು ಆಟ. ದೊಡ್ಡ ಬಂಡೆಯ ಮೇಲೆ ಒಂದು ಕಲ್ಲಿಡೋದು, ದೂರದಲ್ಲಿ ನಿಂತು ಇನ್ನೊಂದು ಕಲ್ಲೆಸೆದು ಅದನ್ನು ಬೀಳಿಸೋದು. ನಮ್ಮ ಲಗೋರಿಯ ಅಣ್ಣತಮ್ಮ ಅಂದುಕೊಳ್ಳಿ. ಜೋರಾಗಿ ನೇರಕ್ಕೆ ಹೊಡೆದರೆ, ಗುರಿ ತಪ್ಪಿದಾಗ ಕಲ್ಲು ಎಲ್ಲೋ ದೂರ ಹೋಗಿ ಬೀಳುತ್ತೆ, ಅದನ್ನು ತರೋಷ್ಟರಲ್ಲಿ ನೀವು ಔಟು. ಅದಕ್ಕೆ ಜಾಣ ಹುಡುಗರು ಏನು ಮಾಡ್ತಿದ್ರು? ಮೆಲ್ಲಗೆ, ಮೇಲಕ್ಕೆ, ಕಮಾನಿನ ಹಾಗೆ ಎಸೀತಿದ್ರು.

ಆ ಹುಡುಗ ದೊಡ್ಡವನಾದ. ಮಾಂಟ್ರಿಯಲ್‌ಗೆ ಹೋಗಿ ಓದಿದ. ಅಲ್ಲಿಂದ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ಗೆ, ವೈಎಂಸಿಎ ತರಬೇತಿ ಶಾಲೆಗೆ ಮೇಷ್ಟ್ರಾಗಿ ಹೋದ. 1891ರ ಡಿಸೆಂಬರ್ ತಿಂಗಳು. ಹೊರಗೆ ಹಿಮ, ಒಳಗೆ ಹದಿನೆಂಟು ಜನ ತುಂಟ ವಿದ್ಯಾರ್ಥಿಗಳು. ಚಳಿಗಾಲದಲ್ಲಿ ಕೋಣೆಯೊಳಗೆ ಆಡುವಂಥ, ಮೈಕೈ ಮುರಿದುಕೊಳ್ಳದಂಥ ಒಂದು ಆಟ ಬೇಕಿತ್ತು. ನೈಸ್ಮಿತ್‌ಗೆ ನೆನಪಾಗಿದ್ದು ಊರಿನ ಆ ಕಲ್ಲಿನ ಆಟ. ಗುರಿಯನ್ನು ತಲೆಯ ಮೇಲಿಟ್ಟರೆ ಯಾರೂ ಜೋರಾಗಿ ಬೀಸಿ ಹೊಡೆಯೋಕಾಗಲ್ಲ, ಕಮಾನಿನ ಹಾಗೇ ಎಸೆಯಬೇಕು. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿ ತರಿಸಿದ. ಜಿಮ್ಮಿನ ಮೇಲಂತಸ್ತಿನ ಕಟಕಟೆಗೆ ಹೊಡೆಸಿದ. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಅದಕ್ಕೇ ಇವತ್ತಿಗೂ ಜಗತ್ತಿನಾದ್ಯಂತ ರಿಂಗು ಹತ್ತು ಅಡಿ ಎತ್ತರ! ಹದಿಮೂರು ನಿಯಮ ಬರೆದು ಗೋಡೆಗೆ ಅಂಟಿಸಿದ. ಬುಟ್ಟಿಗೆ ತಳ ಇತ್ತು, ಚೆಂಡು ಬಿದ್ದರೆ ಏಣಿ ಹಾಕಿ ತೆಗೀಬೇಕು. ಮೊದಲ ಪಂದ್ಯದಲ್ಲಿ ಬಿದ್ದದ್ದೇ ಒಂದು ಗೋಲು.

ಅಂದರೆ ಏನಾಯ್ತು? ಹಳ್ಳಿ ಹುಡುಗರ ಬೀದಿ ಆಟವೊಂದು ಪೇಟೆಗೆ ಹೋಗಿ ಪ್ಯಾಂಟು ಹಾಕಿಕೊಂಡಿತು, ಅಷ್ಟೇ. ಅದನ್ನು ಕಂಡುಹಿಡಿದವನೂ ಹಳ್ಳಿಯಿಂದ ಪೇಟೆಗೆ ಹೋದ ಅನಾಥ ಹುಡುಗನೇ.

ಈಗ ನಮ್ಮ ಕಡೆಗೆ ಬರೋಣ. 1920ರಲ್ಲಿ ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವನು ದೈಹಿಕ ಶಿಕ್ಷಣದ ಶಾಲೆ ತೆರೆದ. ಅದೇ ಮುಂದೆ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಾಯಿತು. ಅಲ್ಲಿ ಕಲಿತವರು ದಕ್ಷಿಣ ಭಾರತದ ಹೈಸ್ಕೂಲುಗಳಿಗೆ ಹರಡಿದರು. ನಮ್ಮ ಅಜ್ಜಂದಿರು ಡ್ರಿಲ್ ಮೇಷ್ಟ್ರು ಅಂತ ಕರೀತಿದ್ರಲ್ಲ, ಬಾಯಲ್ಲಿ ಸೀಟಿ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಶೂ, ಅವರ ಮೂಲ ಈ ಪರಂಪರೆ. ವಾಲಿಬಾಲ್, ಬಾಸ್ಕೆಟ್‌ಬಾಲ್ ಎರಡನ್ನೂ ನಮ್ಮ ಶಾಲೆಯ ಅಂಗಳಕ್ಕೆ ತಂದವರಲ್ಲಿ ಇವರು ಮುಖ್ಯರು. 1934ರಲ್ಲಿ ದೆಹಲಿಯಲ್ಲಿ ಪುರುಷರ ಮೊದಲ ರಾಷ್ಟ್ರೀಯ ಬಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ನಡೆಯಿತು. 1950ರಲ್ಲಿ ರಾಷ್ಟ್ರೀಯ ಫೆಡರೇಷನ್ ಹುಟ್ಟಿತು. 1980ರಲ್ಲಿ ಭಾರತ ತಂಡ ಮಾಸ್ಕೋ ಒಲಿಂಪಿಕ್ಸ್ ಆಡಿತು. ಅಮೆರಿಕ ಮತ್ತು ಅದರ ಜೊತೆಗಾರ ದೇಶಗಳು ಬಹಿಷ್ಕಾರ ಹಾಕಿದ್ದರಿಂದ ಸಿಕ್ಕ ಜಾಗ ಅದು. ಅದೊಂದೇ ಸಲ. ಆಮೇಲೆ ಒಲಿಂಪಿಕ್ಸ್ ಬಾಸ್ಕೆಟ್‌ಬಾಲ್‌ನಲ್ಲಿ ನಮ್ಮ ತಂಡ ಕಾಣಿಸಿಕೊಂಡಿಲ್ಲ.

ಬೆಂಗಳೂರಿನಲ್ಲಿ ಈ ಆಟ ಬೇರು ಬಿಟ್ಟಿದ್ದು ಬಡಾವಣೆ ಕ್ಲಬ್ಬುಗಳಲ್ಲಿ. ಬೀಗಲ್ಸ್, ಯಂಗ್ ಓರಿಯನ್ಸ್, ಭಾರತ್ ಸ್ಪೋರ್ಟ್ಸ್ ಯೂನಿಯನ್, ದೇವಾಂಗ ಯೂನಿಯನ್, ಮೌಂಟ್ಸ್ ಕ್ಲಬ್. ಕ್ಲಬ್ ಅಂದ ತಕ್ಷಣ ಬಾರು, ರಮ್ಮಿ, ಈಜುಕೊಳ ಅಂದುಕೋಬೇಡಿ. ಇಲ್ಲಿ ಕ್ಲಬ್ ಅಂದರೆ ಒಂದು ಸಿಮೆಂಟ್ ನೆಲ, ಎರಡು ಕಂಬ, ಸಂಜೆ ಐದಕ್ಕೆ ಬರುವ ಹುಡುಗರು, ಮತ್ತು ತನ್ನ ಕೆಲಸ ಮುಗಿಸಿ ಸೈಕಲ್ಲಿನಲ್ಲೋ ಸ್ಕೂಟರಿನಲ್ಲೋ ಬಂದು ಸಂಬಳವಿಲ್ಲದೆ ಕಲಿಸುವ ಒಬ್ಬ ಹಿರಿಯ. ಕೇಳೋಕೆ ಸಣ್ಣದು. ಆದರೆ ಇಂಥ ಸಣ್ಣ ಜಾಗಗಳೇ ಒಂದು ಊರಿನ ಆಟವನ್ನು ಕಾಯೋದು.

ನ್ಯೂಯಾರ್ಕಿನ ಒಂದು ಕಥೆ ಹೇಳ್ತೀನಿ, ಆಗ ನಾನು ಹೇಳೋದು ಇನ್ನೂ ಸ್ಪಷ್ಟ ಆಗುತ್ತೆ.

ಬೀದಿ ಬಾಸ್ಕೆಟ್‌ಬಾಲ್‌ನ ತವರು ಅಂತ ಜಗತ್ತು ಒಪ್ಪಿಕೊಂಡಿರೋದು ಹಾರ್ಲೆಮ್. ನ್ಯೂಯಾರ್ಕ್ ನಗರದ ಕಪ್ಪು ಜನರ ಬಡಾವಣೆ. ಅವರು ಅಲ್ಲಿಗೆ ಬಂದದ್ದು ಹೇಗೆ? ವಲಸೆ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಬೇರೆ ಭಾಗದ ನಗರಗಳಿಗೆ ಹೋದರು. ಹತ್ತಿ ಹೊಲದ ಕೂಲಿ, ಮೇಲ್ಜಾತಿ ಅನ್ನಬಹುದಾದ ಬಿಳಿಯರ ದಬ್ಬಾಳಿಕೆ, ಕೊಲೆ ಬೆದರಿಕೆ, ಎಲ್ಲ ಸಾಕಾಗಿ ರೈಲು ಹತ್ತಿದರು. ನಗರದಲ್ಲಿ ಸಿಕ್ಕಿದ್ದು ಇಕ್ಕಟ್ಟಿನ ಮನೆ, ಚಿಕ್ಕ ಕೆಲಸ. ಮಕ್ಕಳಿಗೆ ಸಿಕ್ಕಿದ್ದು ಬೀದಿ.

ಅಲ್ಲಿ ಹೋಲ್ಕಂಬ್ ರಕ್ಕರ್ ಅಂತ ಒಬ್ಬ. ಕೋಟ್ಯಧೀಶ ಅಲ್ಲ, ಶಾಸಕ ಅಲ್ಲ. ನಗರದ ಉದ್ಯಾನ ಇಲಾಖೆಯ ನೌಕರ, ಆಟದ ಮೈದಾನ ನೋಡಿಕೊಳ್ಳೋದು ಅವನ ಕೆಲಸ. ನಮ್ಮ ಪಾಲಿಕೆಯ ಪಾರ್ಕ್ ಸಿಬ್ಬಂದಿ ಅಂದುಕೊಳ್ಳಿ. 1950ರ ಸುಮಾರಿಗೆ ಬೀದಿ ಹುಡುಗರಿಗೆ ಬೇಸಿಗೆ ಟೂರ್ನಿ ಶುರು ಮಾಡಿದ. ಆಡಬೇಕಾ? ಸರಿ, ಮಾರ್ಕ್ಸ್ ಕಾರ್ಡ್ ತೋರಿಸು. ಓದು ಬಿಟ್ಟರೆ ಆಟ ಇಲ್ಲ. ಒಬ್ಬೊಬ್ಬರೂ ಇನ್ನೊಬ್ಬರಿಗೆ ಕಲಿಸಬೇಕು ಅನ್ನೋದು ಅವನ ಘೋಷಣೆ. ಆಟದ ಬಲದಿಂದ ನೂರಾರು ಮಕ್ಕಳು ಸ್ಕಾಲರ್‌ಷಿಪ್ ಪಡೆದು ಕಾಲೇಜು ಸೇರಿದರು. ಮುಂದೆ ಎನ್‌ಬಿಎಯ ವಿಲ್ಟ್ ಚೇಂಬರ್ಲಿನ್‌ನಂಥ ದೊಡ್ಡ ಆಟಗಾರರೇ ಬೇಸಿಗೆಯಲ್ಲಿ ಅಲ್ಲಿಗೆ ಬಂದು ಬೀದಿ ಹುಡುಗರ ಜೊತೆ ಆಡಿದರು. ಜೂಲಿಯಸ್ ಅರ್ವಿಂಗ್ ಆಡುವ ದಿನ ಜನ ಮರ ಹತ್ತಿ, ಮಾಳಿಗೆ ಹತ್ತಿ ನೋಡ್ತಿದ್ರು. ನಮ್ಮಲ್ಲಿ ಕುಸ್ತಿ ನೋಡೋಕೆ ಹತ್ತುವ ಹಾಗೆ. ರಕ್ಕರ್ 1965ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು ನಲವತ್ತೂ ಆಗಿರಲಿಲ್ಲ. 155ನೇ ಬೀದಿಯ ಆ ಮೈದಾನ ಇವತ್ತು ಅವನ ಹೆಸರಿನಲ್ಲೇ ಇದೆ, ರಕ್ಕರ್ ಪಾರ್ಕ್.

ಇದು ಗೆದ್ದ ಕಥೆ. ಅದೇ ಬೀದಿಯಲ್ಲಿ ಸೋತ ಕಥೆಯೂ ಇದೆ, ಅದನ್ನು ಮುಚ್ಚಿಡಬಾರದು. ಅರ್ಲ್ ಮ್ಯಾನಿಗಾಲ್ಟ್ ಅಂತ ಹುಡುಗ. ದಕ್ಷಿಣದ ಸೌತ್ ಕ್ಯಾರೊಲಿನಾದಲ್ಲಿ ಹುಟ್ಟಿ ಹಾರ್ಲೆಮ್‌ಗೆ ಬಂದು ಬೆಳೆದವನು. ಅಷ್ಟೇನೂ ಎತ್ತರ ಇಲ್ಲ, ಆದರೆ ನೆಗೆತ ಮಾತ್ರ ಅಸಾಧ್ಯ. ಅವನಷ್ಟು ಚೆನ್ನಾಗಿ ಆಡುವವರನ್ನು ನೋಡಿಲ್ಲ ಅಂತ ಬೀದಿಯಲ್ಲಿ ಇವತ್ತಿಗೂ ಮಾತಿದೆ. ಎನ್‌ಬಿಎಯಲ್ಲಿ ಆಡಿದ್ದು ಎಷ್ಟು ಪಂದ್ಯ? ಸೊನ್ನೆ. ಹೆರಾಯಿನ್ ಚಟ, ಜೈಲು. ಹೊರಗೆ ಬಂದ ಮೇಲೆ ತನ್ನ ಬಡಾವಣೆಯ ಮಕ್ಕಳಿಗೆ ಟೂರ್ನಿ ನಡೆಸಿದ, ಡ್ರಗ್ಸ್ ಹತ್ತಿರ ಹೋಗಬೇಡಿ ಅಂತ ಹೇಳಿದ, 1998ರಲ್ಲಿ ಹೃದಯದ ಕಾಯಿಲೆಯಿಂದ ಸತ್ತ.

ಪ್ರತಿಭೆ ಇಬ್ಬರಿಗೂ ಇತ್ತು, ಅರ್ವಿಂಗ್‌ಗೂ, ಮ್ಯಾನಿಗಾಲ್ಟ್‌ಗೂ. 'ಕನಸು ಕಾಣಿ, ಕಷ್ಟಪಡಿ, ಗೆದ್ದೇ ಗೆಲ್ತೀರಿ' ಅಂತ ವೇದಿಕೆ ಮೇಲೆ ಭಾಷಣ ಮಾಡುವವರು ಮ್ಯಾನಿಗಾಲ್ಟ್ ಹೆಸರು ಹೇಳಲ್ಲ. ಕನಸು ಕಾಣೋಕೆ ದುಡ್ಡು ಬೇಡ, ನಿಜ. ಆದರೆ ಆ ಕನಸನ್ನು ಮೇಲಕ್ಕೆ ಎತ್ತೋಕೆ ಬೇರೆಯವರ ಕೈ ಬೇಕು.

ಇಲ್ಲಿ ನನಗೆ ಮತ್ತೆ ಟಿ.ಕೆ. ಹಳ್ಳಿ ನೆನಪಾಗುತ್ತೆ. ಕಾವೇರಿ ನೀರು ಬೆಂಗಳೂರಿಗೆ ತಾನಾಗೇ ಹರಿದು ಹೋಗಲ್ಲ. ಹೋಗೋಕೆ ಸಾಧ್ಯವೇ ಇಲ್ಲ, ಯಾಕಂದರೆ ಬೆಂಗಳೂರು ಮೇಲಿದೆ, ನದಿ ಕೆಳಗಿದೆ. ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ನೀರನ್ನು ಎತ್ತಬೇಕು. ಒಂದೇ ಏಟಿಗೆ ಆಗಲ್ಲ. ಅದಕ್ಕೆ ಮೂರು ಕಡೆ ಪಂಪ್‌ಹೌಸ್. ಟಿ.ಕೆ. ಹಳ್ಳಿಯಲ್ಲಿ ಒಂದು, ಹಾರೋಹಳ್ಳಿಯಲ್ಲಿ ಒಂದು, ತಾತಗುಣಿಯಲ್ಲಿ ಒಂದು. ಮೂರರಲ್ಲಿ ಒಂದು ನಿಂತರೂ ಬೆಂಗಳೂರಿನ ನಲ್ಲಿ ಒಣಗುತ್ತೆ.

ಮಳವಳ್ಳಿಯ ಹುಡುಗನ ಕನಸಿಗೂ ಅಷ್ಟೇ. ಮೂರು ಪಂಪ್‌ಹೌಸ್ ಬೇಕು. ಊರಿನಲ್ಲಿ ಒಬ್ಬ ಮೇಷ್ಟ್ರು ಮತ್ತು ಒಂದು ಅಂಗಳ. ಪೇಟೆಯಲ್ಲಿ ಕಾಸು ಕೇಳದ ಒಂದು ಕೋರ್ಟು. ಕೊನೆಯಲ್ಲಿ ಆಟದಿಂದ ಒಂದು ಅನ್ನದ ದಾರಿ. ಒಂದು ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಈ ಮೂರೂ ಇತ್ತು. ಅರೆಬರೆ ಇತ್ತು, ಆದರೆ ಇತ್ತು.

ಮೂರನೆಯದರ ಲೆಕ್ಕ ಮೊದಲು ನೋಡೋಣ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಬೆಂಗಳೂರಿನ ಸುತ್ತ ಕಾರ್ಖಾನೆಗಳ ಕೋಟೆ ಎದ್ದಿತು. ಸಾರ್ವಜನಿಕ ವಲಯದ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಡ್ತಿದ್ದವು. ಬೆಳಿಗ್ಗೆ ಡ್ಯೂಟಿ, ಸಂಜೆ ಪ್ರಾಕ್ಟೀಸ್, ತಿಂಗಳಿಗೆ ಸಂಬಳ, ಕ್ವಾರ್ಟರ್ಸು. ಬ್ಯಾಂಕುಗಳೂ ಹಾಗೇ. ವಿಜಯಾ ಬ್ಯಾಂಕಿನ ಬಾಸ್ಕೆಟ್‌ಬಾಲ್ ತಂಡ ಅಂದರೆ ಈ ಆಟ ಬಲ್ಲವರು ಎದ್ದು ಕೂರ್ತಾರೆ. ಬೆಂಗಳೂರಿನಲ್ಲೇ ಇರುವ ಸೇನೆಯ ಎಂಇಜಿ, ಎಎಸ್‌ಸಿ ತಂಡಗಳು ಇನ್ನೊಂದು ಬಾಗಿಲು. ಹುಬ್ಬಳ್ಳಿಯ ನೈರುತ್ಯ ರೈಲ್ವೆ ಮತ್ತೊಂದು. 'ಆಟ ಆಡ್ಕಂಡ್ ಇದ್ರೆ ಹೊಟ್ಟೆ ತುಂಬ್ತದಾ ಮಗ?' ಅಂತ ಕೇಳುವ ಮಂಡ್ಯದ ಅಪ್ಪನಿಗೆ ಮಗ ಕೊಡಬಹುದಾಗಿದ್ದ ಉತ್ತರ ಇದೇ. 'ತುಂಬ್ತದೆ ಕಣಪ್ಪಾ, ಬ್ಯಾಂಕಲ್ಲಿ ಕೆಲ್ಸ ಸಿಗ್ತದೆ.'

ಆ ಉತ್ತರ ಈಗ ಅಷ್ಟು ಸುಲಭ ಅಲ್ಲ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋಕೆ 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಹೊಟ್ಟೆ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಬ್ಯಾಂಕ್ ವಿಲೀನದ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡಿದ್ದೀವಿ. ಠೇವಣಿ ಏನಾಗುತ್ತೆ, ಷೇರು ಏನಾಗುತ್ತೆ, ಚೆಕ್‌ಬುಕ್ ಏನಾಗುತ್ತೆ. ಆಟಗಾರರ ಕೆಲಸ ಏನಾಗುತ್ತೆ ಅನ್ನುವ ಪ್ರಶ್ನೆಗೆ ಎಷ್ಟು ನಿಮಿಷ ಸಿಕ್ಕಿತು, ನೀವೇ ನೆನಪಿಸಿಕೊಳ್ಳಿ.

ಎರಡನೇ ಪಂಪ್‌ಹೌಸ್, ಪೇಟೆಯ ಕೋರ್ಟು. ಇವತ್ತು ಬೆಂಗಳೂರಿನಲ್ಲಿ ಬಾಸ್ಕೆಟ್‌ಬಾಲ್ ರಿಂಗುಗಳಿಗೆ ಬರ ಇಲ್ಲ. ಹೊಸ ಅಪಾರ್ಟ್‌ಮೆಂಟಿನ ಜಾಹೀರಾತು ನೋಡಿ, ಈಜುಕೊಳದ ಪಕ್ಕ ರಿಂಗು ಇದ್ದೇ ಇರುತ್ತೆ. ಆದರೆ ಅದು ನಿವಾಸಿಗಳಿಗೆ ಮಾತ್ರ. ಆ ಗೇಟು ಕಾಯುವವನು ಮಳವಳ್ಳಿಯ ಹುಡುಗ, ಆ ಕೋರ್ಟಿಗೆ ನೀರು ಮಳವಳ್ಳಿಯದು, ಆದರೆ ಚೆಂಡು ಮುಟ್ಟೋಕೆ ಅವನಿಗೆ ಪರವಾನಗಿ ಇಲ್ಲ. ಹೊರಗಡೆ ಪಾರ್ಕಿಗೆ ಹೋದರೆ 'ಇಲ್ಲಿ ಆಟವಾಡುವುದನ್ನು ನಿಷೇಧಿಸಲಾಗಿದೆ' ಅನ್ನುವ ಬೋರ್ಡು. ಇನ್ನೊಂದು ಕಡೆ ಗಂಟೆಗೆ ಇಷ್ಟು ಅಂತ ಬಾಡಿಗೆ ಕೇಳುವ ಟರ್ಫು. ನ್ಯೂಯಾರ್ಕಿನ ಪಾರ್ಕ್ ನೌಕರ ಬೀದಿ ಹುಡುಗರನ್ನು ಕರೆದು ಆಡಿಸಿದ್ದಕ್ಕೆ ಅವನ ಹೆಸರು ಉಳೀತು. ನಾವು ಪಾರ್ಕ್ ನೌಕರನ ಕೈಗೆ ಕೊಟ್ಟಿರೋದು ಸೀಟಿ, ಮಕ್ಕಳನ್ನು ಓಡಿಸೋಕೆ.

ಆಟ ಬದಲಾಗಿದೆ ಅನ್ನೋದನ್ನು ಗಮನಿಸಿ. ಬೀದಿಯಲ್ಲಿ ಒಂದೇ ರಿಂಗಿಗೆ ಮೂರು ಮೂರು ಜನ ಆಡುವ ಆಟ ಇತ್ತಲ್ಲ, ಅದೇ ಈಗ ಒಲಿಂಪಿಕ್ಸ್ ಆಟ. ತ್ರೀ ಎಕ್ಸ್ ತ್ರೀ ಅಂತಾರೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಪದಕದ ಆಟವಾಯಿತು. ಪುರುಷರ ಚಿನ್ನ ಗೆದ್ದಿದ್ದು ಯಾರು ಗೊತ್ತಾ? ಅಮೆರಿಕ ಅಲ್ಲ, ಲಾಟ್ವಿಯಾ. ಇಡೀ ದೇಶದ ಜನಸಂಖ್ಯೆ ಸುಮಾರು 19 ಲಕ್ಷ, ನಮ್ಮ ಮಂಡ್ಯ ಜಿಲ್ಲೆಯಷ್ಟೇ ಅಂದುಕೊಳ್ಳಿ! ಹತ್ತು ನಿಮಿಷದ ಆಟ, ಮೊದಲು 21 ಅಂಕ ಮುಟ್ಟಿದವರು ಗೆದ್ದರು. ಬೇಕಾಗೋದು 15 ಮೀಟರ್ ಅಗಲ, 11 ಮೀಟರ್ ಉದ್ದದ ನೆಲ, ಒಂದು ಕಂಬ, ಒಂದು ರಿಂಗು, ಒಂದು ಚೆಂಡು. ನಮ್ಮ ಕಡೆ ಮದುವೆಗೆ ಹಾಕುವ ಶಾಮಿಯಾನ ಇದಕ್ಕಿಂತ ದೊಡ್ಡದಿರುತ್ತೆ.

ಮೊದಲನೇ ಪಂಪ್‌ಹೌಸ್, ಊರಿನ ಮೇಷ್ಟ್ರು. ಇದರ ಶಕ್ತಿ ಏನು ಅಂತ ತೋರಿಸೋಕೆ ಹಾರ್ಲೆಮ್‌ಗೆ ಹೋಗೋದೇ ಬೇಡ. ಮಳವಳ್ಳಿಯ ನೆರೆಯ ತಾಲ್ಲೂಕಿಗೆ, ತಿರುಮಕೂಡಲು ನರಸೀಪುರಕ್ಕೆ ಬನ್ನಿ. ಅಲ್ಲಿ ಕುರುಬೂರು ಅಂತ ಹಳ್ಳಿ. ಆ ಹಳ್ಳಿಯ ಚೈತ್ರಾ, ರೈತರ ಮನೆಯ ಹುಡುಗಿ, ಆಡಿದ್ದು ಬಾಸ್ಕೆಟ್‌ಬಾಲ್ ಅಲ್ಲ, ಖೋ-ಖೋ. ಆದರೆ ಕಥೆ ಅದೇ. ಶಾಲೆಯ ಅಂಗಳದಲ್ಲಿ ದೈಹಿಕ ಶಿಕ್ಷಕರು ಮಕ್ಕಳನ್ನು ಕೂರಿಸಿ, ಓಡಿಸಿ ಕಲಿಸಿದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ-ಖೋದ ಮೊಟ್ಟಮೊದಲ ವಿಶ್ವಕಪ್. ಮಹಿಳೆಯರ ಫೈನಲ್ಲಿನಲ್ಲಿ ಭಾರತ ನೇಪಾಳವನ್ನು 78-40ರಿಂದ ಸೋಲಿಸಿತು. ಚೈತ್ರಾ ಆ ತಂಡದಲ್ಲಿದ್ದಳು, ಫೈನಲ್ಲಿನಲ್ಲಿ ಮಿಂಚಿದಳು. ಪುರುಷರ ತಂಡವೂ ನೇಪಾಳವನ್ನು 54-36ರಿಂದ ಸೋಲಿಸಿ ವಿಶ್ವಕಪ್ ಎತ್ತಿತು. ಅದರಲ್ಲಿ ನಮ್ಮ ಕರ್ನಾಟಕದ ಗೌತಮ್ ಇದ್ದ.

ಆಮೇಲೆ ಏನಾಯ್ತು? ರಾಜ್ಯ ಸರ್ಕಾರ ತಲಾ ಐದು ಲಕ್ಷ ರೂಪಾಯಿ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಯ ಲೆಕ್ಕದಲ್ಲಿ ಬಹುಮಾನ ಕೊಟ್ಟಿತು, ಸರ್ಕಾರಿ ಕೆಲಸದ ಮಾತೂ ಕೊಟ್ಟಿತು. ನಮ್ಮ ಇಬ್ಬರೂ ಆ ಐದು ಲಕ್ಷವನ್ನು ಬೇಡ ಅಂದರು. ಕೆಲವರು ಸೊಕ್ಕು ಅಂದರು. ಸೊಕ್ಕಲ್ಲ ಸ್ವಾಮಿ. ಒಂದು ಸಲದ ಚೆಕ್ಕು ಬೇರೆ, ಜೀವಮಾನದ ಕೆಲಸ ಬೇರೆ ಅನ್ನೋದು ಆಟ ಆಡಿದವರಿಗೆ ಗೊತ್ತು. ಮೊದಲ ಪಂಪ್‌ಹೌಸ್ ತನ್ನ ಕೆಲಸ ಮಾಡಿ ವಿಶ್ವಕಪ್ಪಿನವರೆಗೆ ನೀರೆತ್ತಿತು, ಮೂರನೆಯದು ತಡವರಿಸಿತು. ಸಮಸ್ಯೆ ಎಲ್ಲಿದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾರೂ ತೋರಿಸಿಲ್ಲ.

ಬಾಸ್ಕೆಟ್‌ಬಾಲ್‌ನಲ್ಲೂ ನಮ್ಮ ಹೆಣ್ಣುಮಕ್ಕಳೇ ಮುಂದೆ. 2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ನಡೆದಿದ್ದು ಬೆಂಗಳೂರಿನ ಕಂಠೀರವದಲ್ಲಿ. ಬಿ ಡಿವಿಷನ್ ಫೈನಲ್ಲಿನಲ್ಲಿ ಭಾರತ ಕಜಕಸ್ತಾನವನ್ನು 75-73ರಿಂದ ಮಣಿಸಿ ಎ ಡಿವಿಷನ್ನಿಗೆ ಏರಿತು. ಬರೀ ಎರಡು ಅಂಕ! ರಾಜ್ಯ ಮಟ್ಟದ ಟೂರ್ನಿಗಳ ಫಲಿತಾಂಶ ಗಮನಿಸಿ, ಮಂಡ್ಯದ ಹುಡುಗಿಯರ ತಂಡದ ಹೆಸರು ಕಾಣುತ್ತೆ. ಕಬ್ಬಿನ ಜಿಲ್ಲೆಯ ಹುಡುಗಿ ಬೆಂಗಳೂರಿನ ಕಾನ್ವೆಂಟ್ ತಂಡದ ಎದುರು ಚೆಂಡು ಪುಟಿಸ್ತಾಳೆ ಅಂದರೆ ಅದರ ಹಿಂದೆ ಒಂದು ಅಂಗಳ ಇದೆ, ಒಬ್ಬ ಕೋಚ್ ಇದ್ದಾರೆ, ಮಗಳನ್ನು ಕಳಿಸಿಕೊಟ್ಟ ಒಬ್ಬ ತಾಯಿ ಇದ್ದಾಳೆ. ಹುಡುಗನಾದರೆ ಎಲ್ಲೋ ಬಯಲಲ್ಲಿ ಆಡಿಕೊಳ್ತಾನೆ. ಹುಡುಗಿಗೆ ಬೆಳಕಿರುವ, ಭಯವಿಲ್ಲದ ಜಾಗವೇ ಬೇಕು. ಸಾರ್ವಜನಿಕ ಅಂಗಳ ಮುಚ್ಚಿದರೆ ಮೊದಲು ಮನೆ ಸೇರುವವಳು ಅವಳೇ.

ಕೊನೆಗೆ ಒಂದು ಪ್ರಶ್ನೆ ಬರುತ್ತೆ, ಬಂದೇ ಬರುತ್ತೆ. ಇಷ್ಟೆಲ್ಲ ಮಾಡಿದರೆ ಮಳವಳ್ಳಿಯಿಂದ ಎನ್‌ಬಿಎಗೆ ಹೋಗ್ತಾರಾ? ಪಂಜಾಬಿನ ಬಲ್ಲೋಕೆ ಅನ್ನುವ ಸಣ್ಣ ಹಳ್ಳಿಯ ರೈತನ ಮಗ ಸತ್ನಾಂ ಸಿಂಗ್ ಹೋದ. ಲುಧಿಯಾನದ ಅಕಾಡೆಮಿ, ಅಲ್ಲಿಂದ ಹದಿನಾಲ್ಕನೇ ವಯಸ್ಸಿಗೆ ಫ್ಲೋರಿಡಾ, 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ 52ನೇ ಆಯ್ಕೆಯಾಗಿ ಅವನನ್ನು ಆರಿಸಿತು. ಭಾರತದಲ್ಲಿ ಹುಟ್ಟಿ ಎನ್‌ಬಿಎಗೆ ಆಯ್ಕೆಯಾದ ಮೊದಲ ಆಟಗಾರ. ಆದರೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡೋಕಾಗಲಿಲ್ಲ. ಏಳಡಿ ದಾಟಿದ ದೇಹ, ಅಷ್ಟು ತರಬೇತಿ, ಆದರೂ ಆ ಬಾಗಿಲು ಅಷ್ಟು ಕಿರಿದು.

ಅದಕ್ಕೇ ನಾನು ಎನ್‌ಬಿಎ ಕನಸು ಮಾರೋಕೆ ಬಂದಿಲ್ಲ. ಸಾವಿರ ಹುಡುಗರು ಆಡಿದರೆ ಒಬ್ಬ ರಾಜ್ಯ ತಂಡಕ್ಕೆ ಹೋಗಬಹುದು. ಹತ್ತು ಜನಕ್ಕೆ ಪೊಲೀಸ್, ರೈಲ್ವೆ, ಸೇನೆಯಲ್ಲಿ ಕೆಲಸ ಸಿಗಬಹುದು. ಉಳಿದವರು? ಉಳಿದವರಿಗೆ ಸಂಜೆ ಇರುತ್ತೆ. ಬಾರಿನ ಮುಂದೆ ನಿಲ್ಲದ ಸಂಜೆ, ಮೊಬೈಲಿನಲ್ಲಿ ಬೆಟ್ಟಿಂಗ್ ಆ್ಯಪ್ ತೆರೆಯದ ಸಂಜೆ. ಬೇರೆ ಬೀದಿಯ, ಬೇರೆ ಜಾತಿಯ ಹುಡುಗನ ಬೆವರು ತನ್ನ ಮೈಗೆ ತಾಗಿದರೂ ಹೇಸದೆ ಚೆಂಡು ಪಾಸ್ ಮಾಡಿದ ಸಂಜೆ. ಅದು ಕಡಿಮೆ ಸಂಪಾದನೆಯಾ? ರಕ್ಕರ್ ಗಳಿಸಿದ್ದೂ ಅದನ್ನೇ.

ಮಾಡೋಕೆ ದುಡ್ಡಿಲ್ಲ ಅನ್ನುವ ಮಾತು ನಂಬಬೇಡಿ. ಉದ್ಯೋಗ ಖಾತ್ರಿ ಯೋಜನೆಯಲ್ಲೇ ನಮ್ಮ ರಾಜ್ಯದ ಎಷ್ಟೋ ಗ್ರಾಮ ಪಂಚಾಯಿತಿಗಳು ಸರ್ಕಾರಿ ಶಾಲೆಯ ಅಂಗಳದಲ್ಲಿ ಬಾಸ್ಕೆಟ್‌ಬಾಲ್, ಖೋ-ಖೋ ಅಂಕಣ ಮಾಡಿಸಿ ತೋರಿಸಿವೆ. ಅದಕ್ಕೆ ಬೇಕಾಗಿದ್ದು ಮನಸ್ಸಿರುವ ಒಬ್ಬ ಪಿಡಿಓ, ಗಟ್ಟಿ ದನಿಯ ಒಬ್ಬ ಅಧ್ಯಕ್ಷೆ. ದೈಹಿಕ ಶಿಕ್ಷಕರೇ ಇಲ್ಲದ ಸರ್ಕಾರಿ ಶಾಲೆಗಳು ಬೇಕಾದಷ್ಟಿವೆ, ಅದನ್ನು ತುಂಬೋದು ಸರ್ಕಾರದ ಕೆಲಸ, ಅದಕ್ಕೆ ನಾವು ಪಟ್ಟು ಹಿಡಿಯೋಣ. ಆದರೆ ಒಂದು ಕಂಬ ನೆಡೋಕೆ, ಅದಕ್ಕೊಂದು ರಿಂಗು ಬಿಗಿಯೋಕೆ ವಿಧಾನಸೌಧದ ಅಪ್ಪಣೆ ಬೇಕಾಗಿಲ್ಲ.

ಬೆಂಗಳೂರಿನ ನನ್ನ ವೀಕ್ಷಕರಿಗೂ ಒಂದು ಮಾತು. ನಿಮ್ಮ ಅಪಾರ್ಟ್‌ಮೆಂಟಿನ ಮುಂದಿನ ಮೀಟಿಂಗಿನಲ್ಲಿ ಕೈ ಎತ್ತಿ ಕೇಳಿ. ವಾರದಲ್ಲಿ ಎರಡು ಸಂಜೆ ಆ ಕೋರ್ಟನ್ನು ಹೊರಗಿನ ಮಕ್ಕಳಿಗೆ, ಮನೆಗೆಲಸಕ್ಕೆ ಬರುವವರ ಮಕ್ಕಳಿಗೆ, ಗೇಟಿನ ಹುಡುಗನಿಗೆ ಬಿಡೋಣವೇ ಅಂತ. ಯಾರಾದರೂ ಯಾಕೆ ಬಿಡಬೇಕು ಅಂತ ಕೇಳಿದರೆ, ಪಕ್ಕದಲ್ಲಿರುವ ನಲ್ಲಿಯನ್ನು ತೋರಿಸಿ. ಆ ನೀರು ಯಾವ ತಾಲ್ಲೂಕಿಂದ ಬಂತು ಅಂತ ಈಗ ನಿಮಗೆ ಗೊತ್ತಿದೆಯಲ್ಲ?